ತೆಪ್ಪದ ಮೇಲೆ ಫಾದರ್ ಅಲ್ಫೆ

ಫಾದರ್ ಅಲ್ಫೆಯವರಿಗೆ ಈಜು ಕಲಿಸಿದವಳು ನಾನು. ಆಗ ಅವರಿಗೆ ಐವತ್ತೇಳು, ನನಗೆ ಇಪ್ಪತ್ತಾರು. ನಮ್ಮ ಸಾಂತ್ ಓದಿಲ್ ಊರಿನಲ್ಲಿ ಇವತ್ತಿಗೂ ಅವರ ಹೆಸರು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ತಲೆಯ ಟೋಪಿ ತೆಗೆಯುತ್ತಾರೆ. ಎರಡಕ್ಕೂ ಕಾರಣ ಇದೆ.

ನಮ್ಮದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಈಶಾನ್ಯದ ತುದಿ. ಊರಿನ ಒಂದು ಪಕ್ಕ ಚರ್ಚು, ಇನ್ನೊಂದು ಪಕ್ಕ ಮೀನಿನ ಕಾರ್ಖಾನೆ, ನಡುವೆ ದೋಣಿ ಕಟ್ಟುವ ಧಕ್ಕೆ. ಗಂಡಸರೆಲ್ಲ ಸಮುದ್ರಕ್ಕೆ ಹೋಗುವವರು. ಅವರಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಬರದಿರುವುದೇ ಒಂದು ಮರ್ಯಾದೆ ಎಂದುಕೊಂಡಿದ್ದರು. ಸಮುದ್ರ ಕರೆದಾಗ ಹೋಗಬೇಕು, ಈಜು ಬಲ್ಲವನು ಸಾಯುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ ಅಷ್ಟೇ ಎಂದು ನನ್ನ ಅಜ್ಜ ಹೇಳುತ್ತಿದ್ದ, ಅವನ ಮಗ ಹೇಳುತ್ತಿದ್ದ, ಕೊನೆಗೆ ನನ್ನ ಗಂಡ ದಮಾಸ್ ಕೂಡ ಹೇಳುತ್ತಿದ್ದ.

ನನಗೆ ಈಜು ಬಂದದ್ದು ಆಕಸ್ಮಿಕ. ಮದುವೆಗೆ ಮುಂಚೆ ಮೂರು ಬೇಸಿಗೆ ದಕ್ಷಿಣದ ಕಡಲತೀರದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕಿದ್ದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮನ್ನೆಲ್ಲ ನೀರಿಗೆ ತಳ್ಳಿ ಕಲಿಸಿದಳು. ಊರಿಗೆ ಬಂದ ಮೇಲೆ ಆ ವಿಷಯ ಯಾರಿಗೂ ಹೇಳಲಿಲ್ಲ.

ದಮಾಸ್ ಹೋದದ್ದು ಸಾವಿರದ ಒಂಬೈನೂರ ಅರವತ್ತೊಂದರ ಅಕ್ಟೋಬರ್‌ನಲ್ಲಿ, ಹಾಡಹಗಲು, ಧಕ್ಕೆಯಿಂದ ಅರವತ್ತು ಮಾರು ದೂರದಲ್ಲಿ. ದೋಣಿ ಒಳಗೆ ಬರುವಾಗ ಅಲೆಯೊಂದು ಅಡ್ಡ ಹೊಡೆಯಿತು, ಇವನು ಆಯ ತಪ್ಪಿ ಬಿದ್ದ. ತೊಡೆಯವರೆಗಿನ ರಬ್ಬರ್ ಬೂಟಿನಲ್ಲಿ ನೀರು ತುಂಬಿತು. ಧಕ್ಕೆಯ ಮೇಲೆ ನಲವತ್ತು ಜನ ಇದ್ದರು. ಹಗ್ಗ ಎಸೆದರು, ಮುಟ್ಟಲಿಲ್ಲ. ಕೂಗಿದರು. ಗದ್ದಲ ಕೇಳಿ ಫಾದರ್ ಅಲ್ಫೆ ಓಡಿ ಬಂದು, ಅಂಚಿನಲ್ಲಿ ನಿಂತು ಶಿಲುಬೆಯ ಗುರುತು ಮಾಡಿದರು. ನಾನು ಕಾರ್ಖಾನೆಯಲ್ಲಿ ಹೆರಿಂಗ್ ಮೀನು ಸೀಳುತ್ತಿದ್ದೆ. ಸುದ್ದಿ ತಿಳಿದು ಏಪ್ರನ್ ಸಮೇತ ಓಡಿ ಬಂದಾಗ ಅಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ.

ದೇಹ ಸಿಗಲಿಲ್ಲ. ದೇಹ ಸಿಗದವರಿಗೆ ನಮ್ಮಲ್ಲಿ ಅವರ ಭಾನುವಾರದ ಕೋಟನ್ನು ಪೆಟ್ಟಿಗೆಯಲ್ಲಿಟ್ಟು ಹೂಳುತ್ತಾರೆ. ಫಾದರ್ ಈ ಊರಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ದಮಾಸ್‌ನದು ಹದಿಮೂರನೆಯ ಕೋಟು.

ಮಣ್ಣಾದ ಮೇಲೆ ನಾನು ನೇರ ಗುರುಗಳ ಮನೆಯ ಅಡುಗೆಕೋಣೆಗೆ ನುಗ್ಗಿದೆ. ಅವರು ಟೋಪಿಯನ್ನೂ ತೆಗೆಯದೆ ಮೇಜಿನ ಮುಂದೆ ಕೂತಿದ್ದರು.

"ಫಾದರ್, ಆಗಸ್ಟ್‌ನಲ್ಲಿ ದಮಾಸ್ ದೋಣಿಗೆ ತೀರ್ಥ ಹಾಕಿದ್ರಲ್ಲ."

"ಹಾಕಿದ್ದೆ ಮಗಳೇ."

"ಅರವತ್ತು ಮಾರು, ಫಾದರ್. ನಾನು ಹದಿನೇಳು ವರ್ಷದವಳಿದ್ದಾಗ ಅದರ ಎರಡರಷ್ಟು ದೂರ ಆಟಕ್ಕೆ ಈಜ್ತಿದ್ದೆ. ನಾನು! ಹೆಂಗಸು, ತಟ್ಟೆ ತೊಳೆಯೋಳು! ಇಲ್ಲಿ ನಲವತ್ತು ಜನ ಗಂಡಸ್ರು ನಿಂತ್ಕೊಂಡು ನನ್ನ ಗಂಡ ಮುಳುಗೋದು ನೋಡಿದ್ರು. ನೀವೂ ನೋಡಿದ್ರಿ."

"ನಾನೂ ನೋಡ್ದೆ."

"ನೀರು ಚಿಮುಕಿಸೋದು ಚೆನ್ನಾಗಿ ಬರುತ್ತೆ ನಿಮಗೆ. ನೀರಲ್ಲಿ ಬದುಕೋದು ಒಬ್ಬರಿಗಾದ್ರೂ ಕಲಿಸಿದೀರಾ?"

ನಾನು ಬಾಗಿಲು ಬಡಿದು ಬಂದೆ. ಚಳಿಗಾಲ ಇಡೀ ಸಮುದ್ರ ಹೆಪ್ಪುಗಟ್ಟಿತ್ತು. ನಾನು ಚರ್ಚಿಗೆ ಕಾಲಿಡಲಿಲ್ಲ. ಅವರೂ ಬಾ ಎಂದು ಹೇಳಿ ಕಳಿಸಲಿಲ್ಲ.

ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದ. ತೆರೆದರೆ ಫಾದರ್ ಅಲ್ಫೆ. ಆರಡಿ ಎತ್ತರ, ಪೀಪಾಯಿಯಂಥ ಹೊಟ್ಟೆ, ಕಂಕುಳಲ್ಲಿ ಸುತ್ತಿಟ್ಟ ಟವೆಲ್ಲು.

"ಲಿಯೊಂತೀನ್, ನನಗೆ ಕಲಿಸ್ತೀಯಾ?" ಎಂದರು.

"ಏನು?"

"ಈಜು. ನನಗೇ ಬರದೇ ಇರೋದನ್ನ ಬೇರೆಯವರಿಗೆ ಹೇಗೆ ಕಲಿಸ್ಲಿ?"

ಮರಳು ದಿಬ್ಬದ ಹಿಂದೆ ಒಂದು ಹಿನ್ನೀರಿದೆ, ಎದೆಮಟ್ಟದ ನೀರು, ಬೇಸಿಗೆಯಲ್ಲಿ ಬೆಚ್ಚಗಿರುತ್ತದೆ. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಅಲ್ಲಿ ಪಾಠ ಶುರುವಾಯಿತು. ಅವರ ಈಜುಡುಗೆ ನೋಡಿ ನಾನು ಒಂಬತ್ತು ತಿಂಗಳ ನಂತರ ಮೊದಲ ಸಲ ನಕ್ಕೆ. ಮನೆಗೆಲಸದವಳು ಹಳೆಯ ಕರಿ ನಿಲುವಂಗಿಯನ್ನು ಕತ್ತರಿಸಿ ಹೊಲಿದದ್ದು. ಕುತ್ತಿಗೆಯಿಂದ ಮಂಡಿಯವರೆಗೆ ಇತ್ತು, ಎದೆಯ ಮೇಲೆ ಗುಂಡಿಗಳ ಸಾಲು ಹಾಗೇ ಉಳಿದಿತ್ತು.

ನೀರು ಸೊಂಟಕ್ಕೆ ಬರುತ್ತಿದ್ದಂತೆ ಅವರು ನಿಂತುಬಿಟ್ಟರು. ಮುಖ ಬಿಳುಚಿಕೊಂಡಿತ್ತು.

"ಏನಾಯ್ತು ಫಾದರ್?"

"ಭಯ ಆಗ್ತಿದೆ ಮಾರಾಯ್ತಿ. ಸುಳ್ಳು ಯಾಕೆ ಹೇಳ್ಲಿ? ಇಷ್ಟು ವರ್ಷದಿಂದ ಇವರಿಗೆ ಭಯಪಡಬೇಡಿ, ದೇವರಿದ್ದಾನೆ ಅಂತ ಒಣ ನೆಲದ ಮೇಲೆ ನಿಂತು ಹೇಳ್ತಾ ಬಂದೆ."

ನಾನು ಅವರ ಬೆನ್ನಿನ ಕೆಳಗೆ ಕೈಯಿಟ್ಟೆ. "ಮಲಗಿ. ಆಕಾಶ ನೋಡಿ. ಪ್ರಾರ್ಥನೆ ಆಮೇಲೆ, ಮೊದಲು ಉಸಿರು."

ಎರಡನೆಯ ದಿನವೇ ದಿಬ್ಬದ ಮೇಲೆ ಜನ ಸೇರಿದರು. ವಿಧವೆಯೊಬ್ಬಳು ಊರ ಗುರುಗಳನ್ನು ನೀರಲ್ಲಿ ಮಲಗಿಸುವುದನ್ನು ನೋಡಲು ಯಾರು ಬರುವುದಿಲ್ಲ? ತಿಯೋತಿಮ್ ಎಂಬ ದೋಣಿಯ ಯಜಮಾನ ಅವರಲ್ಲಿ ಮುಂದಾಳು. ಊರಿನಲ್ಲೇ ದೊಡ್ಡ ದೋಣಿ ಅವನದು, ದೊಡ್ಡ ಗಂಟಲೂ ಅವನದೇ. ಇಬ್ಬರು ತಮ್ಮಂದಿರನ್ನು ಸಮುದ್ರಕ್ಕೆ ಕೊಟ್ಟವನು.

"ಫಾದರ್, ತಿಮಿಂಗಿಲ ಅಂತ ಯಾರಾದ್ರೂ ಈಟಿ ಎಸೆದಾರು, ಹುಷಾರು!" ಎಂದು ದಿಬ್ಬದಿಂದ ಕೂಗಿದ.

"ಎಸೀಲಿ ಬಿಡೋ," ಎಂದರು ಫಾದರ್ ನೀರು ಉಗುಳುತ್ತ, "ಊರಿಗೆಲ್ಲ ಎಣ್ಣೆ ಆಗುತ್ತೆ!"

ಬಾಯಿಗಳು ಸುಮ್ಮನಿರಲಿ ಎಂದು ತಿಯೋತಿಮ್‌ನ ಹೆಂಡತಿ ಎಗ್ಸಿಲ್ಡಾ ತಾನಾಗಿಯೇ ಹೆಣಿಗೆ ಹಿಡಿದು ದಡದಲ್ಲಿ ಕೂರತೊಡಗಿದಳು. "ಮರ್ಯಾದೆ ಕಾಯೋಕೆ ಬಂದಿದೀನಿ" ಎಂದಳು. ಎರಡು ವಾರ ಕಾದಳು. ಮೂರನೆಯ ವಾರ ಹೆಣೆಯುತ್ತಿದ್ದ ಕಾಲುಚೀಲವನ್ನು ಮರಳಿನ ಮೇಲೆ ಇಟ್ಟು, ಲಂಗ ಎತ್ತಿ ಕಟ್ಟಿ, "ಸ್ವಲ್ಪ ಸರೀರಿ ಫಾದರ್" ಎಂದು ನೀರಿಗೇ ಇಳಿದಳು.

ಹನ್ನೆರಡನೆಯ ದಿನ ಫಾದರ್ ತೇಲಿದರು. ನಾನು ಕೈ ತೆಗೆದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಗೊತ್ತಾದಾಗ ಅವರು ಹಾಕಿದ ಕೇಕೆಗೆ ಹಿನ್ನೀರಿನ ಕೊಕ್ಕರೆಗಳೆಲ್ಲ ಎದ್ದುಹೋದವು. ಆಗಸ್ಟ್ ಹೊತ್ತಿಗೆ ಈ ದಡದಿಂದ ಆ ದಡಕ್ಕೆ ನಾಯಿಯಂತೆ ತಲೆ ಎತ್ತಿಕೊಂಡು, ಉಸ್ಸೆನ್ನುತ್ತ, ಆದರೂ ನಿಲ್ಲದೆ ಹೋಗುತ್ತಿದ್ದರು.

ಆಗಸ್ಟ್ ಹದಿನೈದು ದೇವಮಾತೆಯ ಹಬ್ಬ, ದೋಣಿಗಳಿಗೆ ತೀರ್ಥ ಹಾಕುವ ದಿನ. ತೀರ್ಥ ಬೀಳದ ದೋಣಿಯಲ್ಲಿ ಕೆಲಸಕ್ಕೆ ಆಳು ಸಿಗುವುದು ಕಷ್ಟ. ಆ ಸಲ ಪ್ರವಚನದಲ್ಲಿ ಫಾದರ್ ಅಲ್ಫೆ ಮಾತೆಯ ಬಗ್ಗೆ ನಾಲ್ಕು ಮಾತಾಡಿ, ಪುಸ್ತಕ ಮುಚ್ಚಿದರು.

"ಇವತ್ತು ಎಂದಿನ ಹಾಗೆ ಧಕ್ಕೆ ಮೇಲಿಂದ ತೀರ್ಥ ಹಾಕ್ತೀನಿ. ಇದೇ ಕೊನೆ. ಮುಂದಿನ ವರ್ಷ ನಾನು ತೆಪ್ಪದ ಮೇಲೆ ಇರ್ತೀನಿ, ಧಕ್ಕೆಯಿಂದ ಅರವತ್ತು ಮಾರು ಆಚೆ. ಯಾವ ಯಜಮಾನನಿಗೆ ತನ್ನ ದೋಣಿಗೆ ತೀರ್ಥ ಬೇಕೋ ಅವನು ಈಜ್ಕೊಂಡು ಬರ್ಲಿ. ಕಲಿಯೋಕೆ ಒಂದು ವರ್ಷ ಇದೆ. ಲಿಯೊಂತೀನ್ ಕಲಿಸ್ತಾಳೆ, ನಾನೂ ಕಲಿಸ್ತೀನಿ."

ಬೆಂಚುಗಳು ಕಿರುಗುಟ್ಟಿದವು. ತಿಯೋತಿಮ್ ಎದ್ದು ನಿಂತ.

"ಫಾದರ್, ದೇವರ ತೀರ್ಥಕ್ಕೆ ಷರತ್ತು ಹಾಕೋಕೆ ನೀವ್ಯಾರು?"

"ನಾನು ನಿಮ್ಮ ಹದಿಮೂರು ಕೋಟು ಹೂತವನು ಕಣಯ್ಯಾ."

"ಕಡಲಿಗೆ ಬೇಕಾದವನನ್ನ ಅದು ತಗೊಳ್ಳುತ್ತೆ."

"ತಗೊಳ್ಳಲಿ. ಆದ್ರೆ ಜಗ್ಗಾಡಿ ತಗೊಳ್ಳಲಿ. ಪುಕ್ಕಟೆ ಯಾಕೆ ಕೊಡ್ತೀಯ?"

ತಿಯೋತಿಮ್ ಹೊರಗೆ ನಡೆದ. ಅವನ ಹಿಂದೆ ಹನ್ನೊಂದು ಜನ ಹೋದರು. ಎಗ್ಸಿಲ್ಡಾ ಕೂತಲ್ಲೇ ಕೂತಿದ್ದಳು. ಅವಳ ಎರಡು ಮಗ್ಗುಲಲ್ಲಿ ಒನೆಜಿಮ್ ಮತ್ತು ಫಿದೆಲ್ ಎಂಬ ಅವಳ ಮಕ್ಕಳು ಹೊರಟ ಅಪ್ಪನನ್ನೂ ಕೂತ ಅಮ್ಮನನ್ನೂ ಮತ್ತೆ ಮತ್ತೆ ನೋಡಿದರು. ಅಮ್ಮ ಒಬ್ಬೊಬ್ಬನ ಮೊಣಕಾಲಿನ ಮೇಲೆ ಒಂದೊಂದು ಕೈ ಒತ್ತಿ ಹಿಡಿದಿದ್ದಳು.

ಯಾರೋ ಬಿಷಪ್ಪರಿಗೆ ದೂರು ಬರೆದರು. ಫಾದರ್‌ಗೆ ಕರೆ ಬಂತು. ಹೋಗಿ ಬಂದವರನ್ನು ಬಸ್ಸಿನ ಹತ್ತಿರವೇ ಹಿಡಿದು ಕೇಳಿದೆ. "ಏನಂದ್ರು?"

"ಅರ್ಧ ಗಂಟೆ ಬೈದ್ರು. ಆಮೇಲೆ ಬಾಗಿಲವರೆಗೆ ಬಂದು, 'ಅಲ್ಫೆ, ನೀನು ನಿಜವಾಗ್ಲೂ ತೇಲ್ತೀಯಾ?' ಅಂತ ಕೇಳಿದ್ರು. ತೇಲ್ತೀನಿ ಅಂದೆ. 'ಹಾಗಾದ್ರೆ ಹೋಗು' ಅಂದ್ರು."

ಮರುವರ್ಷ ಮಾತೆಯ ಹಬ್ಬಕ್ಕೆ ತೆಪ್ಪ ತೇಲಿತು. ಬಿಳಿ ಪೂಜಾವಸ್ತ್ರ ತೊಟ್ಟು ಫಾದರ್ ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಮೂವತ್ತೊಂದು ದೋಣಿಗಳ ಯಜಮಾನರಲ್ಲಿ ಆ ದಿನ ನೀರಿಗೆ ಹಾರಿದವರು ಒಂಬತ್ತು ಜನ. ಒಬ್ಬನಂತೂ ತೆಪ್ಪ ಮುಟ್ಟುವ ಹೊತ್ತಿಗೆ ಅರ್ಧ ಸಮುದ್ರ ಕುಡಿದಿದ್ದ. ಧಕ್ಕೆಯ ಮೇಲೆ ಹೆಂಗಸರು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಮೇಲೆ ಹತ್ತಿ ಬಂದ ಒಂಬತ್ತು ಜನಕ್ಕೂ ಫ್ರಿಕೊ ಎಂಬ ಬಿಸಿಬಿಸಿ ಕೋಳಿ-ಆಲೂಗಡ್ಡೆ ಸಾರು ಬಡಿಸಿದೆವು, ಉಳಿದವರಿಗೆ ಬರೀ ವಾಸನೆ. ಮುಂದಿನ ವರ್ಷ ಹತ್ತೊಂಬತ್ತು ಜನ ಹಾರಿದರು. ಐದನೆಯ ವರ್ಷಕ್ಕೆ ಮೂವತ್ತು.

ಹೆಂಗಸರು, ಮಕ್ಕಳು, ದೋಣಿಯ ಆಳುಗಳು ಎಲ್ಲರಿಗೂ ಹಿನ್ನೀರಿನಲ್ಲಿ ಪಾಠ. ಮೊದಲು ಈಜುಡುಗೆಯಲ್ಲಿ, ಆಮೇಲೆ ದಿನದ ಬಟ್ಟೆ ಹಾಕಿಕೊಂಡು, ಕೊನೆಗೆ ಬೂಟು ಎಣ್ಣೆಕೋಟು ಎಲ್ಲ ಸಮೇತ. ನೀರಿನೊಳಗೆ ಬೂಟು ಕಳಚುವುದನ್ನು ಫಾದರ್ ನೂರು ಸಲ ಮಾಡಿಸುತ್ತಿದ್ದರು. ಬೂಟು ಕೊಳ್ಳುವಾಗ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ, ಕಾಲು ಝಾಡಿಸಿದರೆ ಜಾರಿಬಿಡಬೇಕು ಎಂದು ಪಾಪನಿವೇದನೆಗೆ ಬಂದವರಿಗೂ ಹೇಳಿ ಕಳಿಸುತ್ತಿದ್ದರು. ಪಕ್ಕದ ಊರಿನವರು ನಮ್ಮನ್ನು ದೊಡ್ಡಬೂಟಿನವರು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ದಮಾಸ್‌ನ ನಂತರ ನಮ್ಮೂರಿನಲ್ಲಿ ಕೋಟು ಹೂಳುವ ಪ್ರಸಂಗ ಇವತ್ತಿನವರೆಗೆ ಬಂದಿಲ್ಲ.

ತಿಯೋತಿಮ್ ಮಾತ್ರ ಬಗ್ಗಲಿಲ್ಲ. ತನ್ನ ದೋಣಿಯನ್ನು ಇಪ್ಪತ್ತು ಮೈಲಿ ಆಚೆಯ ಬೇರೆ ಊರಿಗೆ ಒಯ್ದು ಅಲ್ಲಿನ ಗುರುಗಳಿಂದ ತೀರ್ಥ ಹಾಕಿಸಿಕೊಂಡು ಬರುತ್ತಿದ್ದ. "ಒಳ್ಳೇದಾಯ್ತು ಬಿಡಿ, ಆ ನೀರೂ ದೇವರದ್ದೇ" ಎನ್ನುತ್ತಿದ್ದರು ಫಾದರ್. ಆದರೆ ಅವನ ಇಬ್ಬರು ಮಕ್ಕಳು ಹಿನ್ನೀರಿನಲ್ಲಿ ಮೀನಿನಂತಾಗಿದ್ದರು. ಎಗ್ಸಿಲ್ಡಾ ಅವರನ್ನು ಕಳಿಸುತ್ತಿದ್ದಳು, ಅವನು ನೋಡಿಯೂ ನೋಡದವನಂತೆ ಇರುತ್ತಿದ್ದ.

ಎಪ್ಪತ್ತೆರಡರ ಫೆಬ್ರವರಿಯಲ್ಲಿ ಫಾದರ್ ಅಲ್ಫೆಯವರ ಹೃದಯ ಸೋತಿತು. ಹಾಸಿಗೆ ಹಿಡಿದು ಹದಿನೈದು ದಿನ ಇದ್ದರು. ನಾನು ಗಂಜಿ ಕುಡಿಸುತ್ತಿದ್ದಾಗ ಒಂದು ಮಧ್ಯಾಹ್ನ ತಿಯೋತಿಮ್ ಬಂದ. ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತ.

"ಕೂತ್ಕೋ. ಇನ್ನೂ ಕಲಿಯಲಿಲ್ಲವಲ್ಲೋ ನೀನು," ಎಂದರು ಫಾದರ್.

"ಕಲಿಯೋದಿಲ್ಲ ಫಾದರ್. ಹಟ ಅಂತಲ್ಲ. ನನ್ನ ತಮ್ಮಂದಿರು ಹೋಗುವಾಗ ನಾನು ದೋಣಿಯಲ್ಲೇ ಇದ್ದೆ. ಕೈಗೆ ಸಿಗೋಷ್ಟು ಹತ್ತಿರ ಇದ್ರು. ಈಗ ಕಲಿತ್ರೆ..." ಅವನು ಟೋಪಿಯನ್ನು ಹಾಸಿಗೆಯ ಅಂಚಿಗೆ ಇಟ್ಟ. "ಈಗ ಕಲಿತ್ರೆ, ಆವತ್ತು ಕಲಿತಿದ್ರೆ ಅವರು ಉಳೀತಿದ್ರು ಅಂತ ಒಪ್ಕೊಂಡ ಹಾಗಾಗುತ್ತೆ."

ಹತ್ತು ವರ್ಷ ಅವನ ಗಂಟಲನ್ನಷ್ಟೇ ಕೇಳಿದ್ದ ನಾನು ಬಟ್ಟಲು ಹಿಡಿದು ಹಾಗೇ ನಿಂತೆ. ಫಾದರ್ ಅವನ ಕೈ ಹಿಡಿದುಕೊಂಡರು.

"ನಾನೂ ಹದಿಮೂರು ಜನರ ವಿಷಯದಲ್ಲಿ ಹಾಗೇ ಒಪ್ಕೋಬೇಕಾಯ್ತು ತಿಯೋತಿಮ್. ಒಪ್ಕೊಂಡ ಮೇಲೇ ನೀರು ನನ್ನನ್ನ ಎತ್ತಿ ಹಿಡಿದಿದ್ದು."

ಎರಡು ದಿನದ ಮೇಲೆ ತೀರಿಕೊಂಡರು. ಹಿಮ ಮಂಡಿಯೆತ್ತರ ಬಿದ್ದಿತ್ತು. ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ತಿಯೋತಿಮ್ ಒಬ್ಬ. ಫಾದರ್ ಭಾರವಾಗಿದ್ದರು. ಅವನು ಯಾರಿಗೂ ಜಾಗ ಬಿಟ್ಟುಕೊಡಲಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಹೆರಿಂಗ್ ಹಿಡಿದು ದೋಣಿಗಳು ಮರಳುತ್ತಿದ್ದವು. ಹತ್ತು ಗಂಟೆಗೆ ಈಶಾನ್ಯದಿಂದ ಗಾಳಿ ಎದ್ದಿತು. ಅರ್ಧ ಗಂಟೆಯಲ್ಲಿ ಕಡಲು ಬಿಳಿಯಾಯಿತು, ಮಳೆ ಅಡ್ಡಡ್ಡ ಹೊಡೆಯಿತು. ಎಲ್ಲ ದೋಣಿಗಳೂ ಒಳಗೆ ಬಂದವು, ತಿಯೋತಿಮ್‌ನದೊಂದು ಉಳಿಯಿತು. ಹೊಟ್ಟೆತುಂಬ ಮೀನು ತುಂಬಿಕೊಂಡು ಅದು ನಿಧಾನ ಬರುತ್ತಿತ್ತು. ದಡದಿಂದ ಎರಡು ಫರ್ಲಾಂಗು ದೂರದಲ್ಲಿ ನೀರೊಳಗಿನ ಮರಳು ದಿಣ್ಣೆಗೆ ಬಂದಾಗ ಹಿಂದಿನಿಂದ ಬಂದ ಅಲೆ ಅದನ್ನು ಎತ್ತಿತು, ಅಡ್ಡ ತಿರುಗಿಸಿತು, ಮಗುಚಿತು. ಕಾರ್ಖಾನೆಯ ಕಿಟಕಿಯಿಂದ ನಾವೆಲ್ಲ ನೋಡಿದೆವು. ದೋಣಿಯಲ್ಲಿ ಮೂರು ಜನ, ಅಪ್ಪ ಮತ್ತು ಇಬ್ಬರು ಮಕ್ಕಳು.

ಎಗ್ಸಿಲ್ಡಾ ನನ್ನ ಪಕ್ಕದ ಮೇಜಿನಲ್ಲೇ ಇದ್ದಳು. ಅವಳು ಅಳಲಿಲ್ಲ. "ಅವರಿಗೆ ದಡ ಕಾಣ್ತಿಲ್ಲ," ಎಂದಳು. "ಅಲೆ ಮಧ್ಯೆ, ಮಳೇಲಿ, ದಡ ಯಾವ ಕಡೆ ಅಂತ ಗೊತ್ತಾಗಲ್ಲ. ಶಬ್ದ ಮಾಡಿ! ಏನಾದ್ರೂ ಬಡೀರಿ!"

ನಾವು ಮೂವತ್ತು ಹೆಂಗಸರು ಕೈಗೆ ಸಿಕ್ಕ ಬಕೆಟ್ಟು, ತಗಡು, ಬಾಣಲೆ ಹಿಡಿದು ತೀರಕ್ಕೆ ಓಡಿ ಬಡಿಯತೊಡಗಿದೆವು. ಯಾರೋ ಚರ್ಚಿನ ಗಂಟೆಗೆ ಜೋತುಬಿದ್ದರು. ದೋಣಿ ಇಳಿಸಲು ನೋಡಿದ ಗಂಡಸರನ್ನು ಅಲೆ ಎರಡು ಸಲ ದಡಕ್ಕೇ ಎಸೆಯಿತು.

ಒಂದು ತಲೆ ಕಂಡಿತು. ಮತ್ತೊಂದು. ಅಲೆಯ ತಗ್ಗಿಗೆ ಇಳಿದು ಮಾಯವಾಗಿ ಮತ್ತೆ ಎದ್ದವು. ಎರಡರ ನಡುವೆ ಮೂರನೆಯದೊಂದು ಇತ್ತು, ಮುಖ ಆಕಾಶಕ್ಕೆ. ಒನೆಜಿಮ್ ಒಂದು ಪಕ್ಕ, ಫಿದೆಲ್ ಇನ್ನೊಂದು ಪಕ್ಕ, ನಡುವೆ ಅಪ್ಪನನ್ನು ಅಂಗಾತ ಮಲಗಿಸಿಕೊಂಡು ಶಬ್ದ ಬಂದ ದಿಕ್ಕಿಗೆ ಬರುತ್ತಿದ್ದರು.

"ಬಂದ್ರು! ಬಡೀರೇ, ನಿಲ್ಲಿಸ್ಬೇಡಿ!" ಎಂದು ಕಿರುಚಿದೆ.

ಕೊನೆಯ ಮೂವತ್ತು ಮಾರು ಅವರಿಂದ ಆಗಲಿಲ್ಲ. ಒಳಗೆಳೆಯುವ ನೀರು ಅವರನ್ನು ಹಿಂದಕ್ಕೆ ಒಯ್ಯುತ್ತಿತ್ತು. ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ನನ್ನ ಹಿಂದೆ ಎಗ್ಸಿಲ್ಡಾ, ಅವಳ ಹಿಂದೆ ಮೀನು ಸೀಳುವ ಇನ್ನೂ ನಾಲ್ವರು, ಎಲ್ಲರೂ ಫಾದರ್ ಅಲ್ಫೆಯ ಹಿನ್ನೀರಿನವರು. ಹನ್ನೊಂದು ವರ್ಷದ ಹಿಂದೆ ನಲವತ್ತು ಜನ ನಿಂತು ನೋಡಿದ ಅದೇ ಕಡಲಿಗೆ ನಾವು ಆರು ಹೆಂಗಸರು ಇಳಿದೆವು. ನೀರು ಚಾಕುವಿನಂತೆ ಕೊರೆಯಿತು. ನನ್ನ ಕೈಗೆ ಮೊದಲು ಸಿಕ್ಕಿದ್ದು ಫಿದೆಲ್‌ನ ಅಂಗಿಯ ಕಾಲರು. ಹಗ್ಗ ಬಿಗಿಯಾಯಿತು. ದಡದವರು ಎಳೆದರು. ಒಟ್ಟು ಒಂಬತ್ತು ಜನ ಒಬ್ಬರ ಮೇಲೊಬ್ಬರು ಮರಳಿಗೆ ಬಂದು ಬಿದ್ದೆವು.

ಮೂವರಿಗೂ ಬರಿಗಾಲು. ತಿಯೋತಿಮ್‌ಗೂ. ದೊಡ್ಡ ಅಳತೆಯ ಬೂಟನ್ನು ಎಗ್ಸಿಲ್ಡಾ ಅವನಿಗೂ ಗುಟ್ಟಾಗಿ ಕೊಂಡಿದ್ದಳಂತೆ. ಅವನು ಕೆಮ್ಮಿ ಕೆಮ್ಮಿ ನೀರು ಕಾರಿದ. ಮಾತು ಬಂದಾಗ ಹೇಳಿದ್ದಿಷ್ಟು:

"ಜಗ್ಗಾಡಬೇಡ ಅಪ್ಪಾ, ಆಕಾಶ ನೋಡು, ಮೊದಲು ಉಸಿರು ಅಂತ ಫಿದೆಲ್ ಕಿವಿಯಲ್ಲಿ ಹೇಳ್ತಾನೇ ಇದ್ದ. ನೋಡ್ದೆ. ಬರೀ ಮಳೆ ಕಾಣಿಸ್ತು. ಆದ್ರೂ ನೋಡ್ದೆ."

ಎಗ್ಸಿಲ್ಡಾ ಅವನ ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ಅವನನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಗಂಟೆ ಇನ್ನೂ ಮೊಳಗುತ್ತಲೇ ಇತ್ತು. ನಿಲ್ಲಿಸು ಎಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ.

ಮರುವರ್ಷದ ಜುಲೈಯಲ್ಲಿ ನನ್ನ ಬಾಗಿಲು ತಟ್ಟಿದವನು ತಿಯೋತಿಮ್. ಅರವತ್ತಮೂರು ವಯಸ್ಸು. "ನಗ್ಬೇಡ" ಎಂದ. ನಾನು ನಗಲಿಲ್ಲ. ಅವನಷ್ಟು ಕೆಟ್ಟ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ. ಕಾಲು ಮುಳುಗುತ್ತಿತ್ತು, ಬಾಯಿ ಮಾತ್ರ ತೇಲುತ್ತಿತ್ತು. ಆದರೂ ಒಂದು ದಿನ ತಪ್ಪಿಸಲಿಲ್ಲ.

ಮಾತೆಯ ಹಬ್ಬದ ದಿನ ತೆಪ್ಪದ ಮೇಲೆ ಹೊಸದಾಗಿ ಬಂದ ಎಳೆಯ ಗುರುಗಳು ಕೂತಿದ್ದರು. ಊರಿಗೆ ಊರೇ ಧಕ್ಕೆಯ ಮೇಲೆ. ಮೂವತ್ತು ಯಜಮಾನರು ಹೋಗಿ ಬಂದ ಮೇಲೆ, ಉಣ್ಣೆಯ ಒಳಉಡುಪಿನಲ್ಲಿ ತಿಯೋತಿಮ್ ಏಣಿ ಇಳಿದ. ನಾನು ಅವನ ಪಕ್ಕದಲ್ಲಿ ಈಜಿದೆ, ಮುಟ್ಟಲಿಲ್ಲ. ಅರ್ಧ ದಾರಿಯಲ್ಲಿ ಅವನು ನಿಂತು ಅಂಗಾತ ಮಲಗಿ ಆಕಾಶ ನೋಡಿದ. ಕಣ್ಣಿಂದ ನೀರು ಇಳಿಯುತ್ತಿತ್ತೋ ಸಮುದ್ರದ ನೀರೋ ನಾನು ಹೇಳಲಾರೆ. ಇಬ್ಬರ ಹೆಸರು ಹೇಳಿದ, ಅವನ ತಮ್ಮಂದಿರ ಹೆಸರು. ಮತ್ತೆ ಬೋರಲಾಗಿ ಕೈ ಬಡಿಯತೊಡಗಿದ.

ತೆಪ್ಪ ಹಿಡಿದಾಗ ಧಕ್ಕೆಯ ಮೇಲೆ ಎದ್ದ ಕೂಗಿಗೆ ಎಳೆಯ ಗುರುಗಳ ಕೈಯ ತೀರ್ಥದ ಬಟ್ಟಲು ನಡುಗಿತು. ಅವರು ಅವನ ತಲೆಯ ಮೇಲೆ ಚಿಮುಕಿಸಲು ಬಗ್ಗಿದರು.

"ನನಗ್ಯಾಕೆ ಹಾಕ್ತೀರಿ, ಆಗ್ಲೇ ನೆಂದಿಲ್ವಾ?" ಎಂದ ತಿಯೋತಿಮ್ ಏದುಸಿರು ಬಿಡುತ್ತ. "ದೋಣಿಗೆ ಹಾಕಿ. ಹೊಸ ದೋಣಿ. ಹೆಸರು ಫಾದರ್ ಅಲ್ಫೆ."

"ಹಾಕ್ತೀನಿ. ಮೇಲೆ ಹತ್ತಿ ಸುಧಾರಿಸ್ಕೊಳ್ಳಿ. ಹಿಂದಕ್ಕೆ ಕರ್ಕೊಂಡು ಹೋಗೋಕೆ ಸಣ್ಣ ದೋಣಿ ಕರೀತೀನಿ."

ತಿಯೋತಿಮ್ ಧಕ್ಕೆಯ ಕಡೆ ನೋಡಿದ. ಅಲ್ಲಿ ಎಗ್ಸಿಲ್ಡಾ ಎರಡೂ ಕೈ ಎತ್ತಿ ನಿಂತಿದ್ದಳು, ಮಕ್ಕಳಿಬ್ಬರೂ ಶಿಳ್ಳೆ ಹೊಡೆಯುತ್ತಿದ್ದರು.

"ದೋಣಿ ಯಾಕೆ?" ಎಂದವನೇ ತೆಪ್ಪಕ್ಕೆ ಕಾಲು ಒದ್ದು, ಬಿಸಿಲಿಗೆ ಹೊಳೆಯುವ ನೀರಿನಲ್ಲಿ ಊರಿನ ಕಡೆಗೆ ಹೊರಟ. ಈ ಸಲ ನಾನೇ ಹಿಂದೆ ಬಿದ್ದೆ.